ಒಂದೇ ಗೆರೆ, ಬೇರೆ ಬೇರೆ ದೋಣಿ



ಕಳೆದ ವಾರ ಉತ್ತರಪತ್ರಿಕೆ ಹಂಚುವಾಗ, ಕಡಿಮೆ ಅಂಕ ಬಂದ ಹುಡುಗಿಯೊಬ್ಬಳಿಗೆ "ಎಲ್ಲರಿಗೂ ಅದೇ ಪ್ರಶ್ನೆಪತ್ರಿಕೆ ತಾನೇ? ನಿನಗೇನಾಯ್ತು?" ಎಂದುಬಿಟ್ಟೆ. "ಬೆಳಗಿನ ಜಾವ ಅಮ್ಮನ ಜೊತೆ ಹೂ ಬಿಡಿಸೋಕೆ ಹೋಗ್ತೀನಿ ಸಾರ್, ಓದೋಕೆ ಕೂತ್ರೆ ನಿದ್ದೆ ಬರುತ್ತೆ" ಎಂದಳು. ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಸಮಾನತೆ ಆಯಿತೇ?

ಹಾಯಿದೋಣಿ ಪಂದ್ಯದ ಬಗ್ಗೆ ಓದಿದ್ದು ಆಗ ನೆನಪಾಯಿತು. ಅಮೆರಿಕದಲ್ಲಿ 'ಎನ್‌ಸೈನ್' ಎಂಬ ಹಳೆಯ ಮಾದರಿಯ ದೋಣಿ ಇದೆ. ಕಾರ್ಲ್ ಆಲ್ಬರ್ಗ್ ವಿನ್ಯಾಸ ಮಾಡಿದ ಇದನ್ನು ರೋಡ್ ಐಲೆಂಡಿನ ಪಿಯರ್ಸನ್ ಕಂಪನಿ 1962ರಿಂದ ತಯಾರಿಸಿತು. ಉದ್ದ 22.5 ಅಡಿ, ತೂಕ ಸುಮಾರು 1,360 ಕಿಲೋ. ಅದರಲ್ಲಿ ಸುಮಾರು 540 ಕಿಲೋ ಸೀಸವೇ. ಅದು ನೀರಿನೊಳಗಿನ ಕೀಲ್ ಎಂಬ ಭಾಗದಲ್ಲಿದ್ದು, ದೋಣಿ ಗಾಳಿಗೆ ಮಗುಚದಂತೆ ಹಿಡಿದಿಡುತ್ತದೆ. ಫೈಬರ್‌ಗ್ಲಾಸಿನಲ್ಲಿ ಅಚ್ಚು ಹಾಕಿ ಮಾಡಿದ್ದರಿಂದ ಒಂದರಂತೆಯೇ ಇನ್ನೊಂದು. ಈ ದೋಣಿಗಳಷ್ಟೇ ಸೇರಿದ ಪಂದ್ಯದಲ್ಲಿ ಮೊದಲು ಗೆರೆ ಮುಟ್ಟಿದವರೇ ಗೆದ್ದವರು.

ಬೇರೆ ಬೇರೆ ಮಾದರಿಯ ದೋಣಿಗಳು ಸೇರಿದರೆ? ಆಗ ಒಂದೊಂದು ದೋಣಿಯ ಶಕ್ತಿ ನೋಡಿ, ಮೈಲಿಗೆ ಇಷ್ಟು ಸೆಕೆಂಡು ಎಂದು ಲೆಕ್ಕ ಕಟ್ಟಿ, ನಿಧಾನದ ದೋಣಿಗೆ ಸಮಯದ ರಿಯಾಯಿತಿ ಕೊಡುತ್ತಾರೆ. ಹಿಂದೆ ಬಂದ ಪುಟ್ಟ ದೋಣಿಯೂ ಗೆಲ್ಲಬಹುದು. ಅದು ಭಿಕ್ಷೆಯಲ್ಲ, ಪಂದ್ಯದ ನಿಯಮ.

ಅಂದರೆ ನ್ಯಾಯಕ್ಕೆ ಎರಡು ದಾರಿ. ಎಲ್ಲರಿಗೂ ಒಂದೇ ದೋಣಿ ಕೊಡುವುದು, ಇಲ್ಲವೇ ದೋಣಿಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದು. ಎರಡನ್ನೂ ಬಿಟ್ಟು, ಮೊದಲು ಬಂದವನನ್ನು 'ಪ್ರತಿಭಾವಂತ' ಎನ್ನುವುದು ನ್ಯಾಯವಲ್ಲ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುವ ವೈರುಧ್ಯವನ್ನು ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಮೀಸಲಾತಿ ಎರಡನೆಯ ದಾರಿ. ಎಲ್ಲ ಮಕ್ಕಳಿಗೂ ಒಂದೇ ಗುಣಮಟ್ಟದ ಶಾಲೆ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಿಗುವ ಮೊದಲನೆಯ ದಾರಿ ಇನ್ನೂ ಬಾಕಿ ಇದೆ.

ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಆ ಮಾತನ್ನು ಆಡಿದವನು ಬೇರೆ ಯಾರೋ ಅಲ್ಲ, ಮೀಸಲಾತಿಯಿಂದಲೇ ಓದಿ ಮೇಷ್ಟರಾದ ನಾನು. ಇಂದು ನನ್ನ ಮಗನಿಗೆ ಟ್ಯೂಷನ್ ಇದೆ, ಓದಲು ಪ್ರತ್ಯೇಕ ಕೋಣೆ ಇದೆ. ಒಳ್ಳೆಯ ದೋಣಿ ಹತ್ತಿದ ಮೇಲೆ ಹಳೆಯ ದೋಣಿ ಮರೆತುಹೋಯಿತು. ವ್ಯತ್ಯಾಸ ಕಾಣುವುದು ಪ್ರಜ್ಞೆ. ಕಂಡ ಮೇಲೆ ಸುಮ್ಮನಿರಲಾಗದಿರುವುದು ಕರುಣೆ. ನನ್ನಲ್ಲಿ ಆ ದಿನ ಎರಡೂ ಇರಲಿಲ್ಲ.

ಈಗ ಮಧ್ಯಾಹ್ನದ ಊಟವಾದ ಮೇಲೆ ಅವಳಿಗೆ ಅರ್ಧ ಗಂಟೆ ಪಾಠ ಹೇಳುತ್ತಿದ್ದೇನೆ. ಇದು ರಿಯಾಯಿತಿಯಷ್ಟೇ, ದೋಣಿ ಇನ್ನೂ ಬದಲಾಗಿಲ್ಲ.

ಇಂದಿನ ಚಿಂತನೆಗೆ: ಇತ್ತೀಚೆಗೆ ನಾವು ಯಾರನ್ನು 'ಸೋಮಾರಿ' ಎಂದೆವು? ಅವರ ದೋಣಿಯನ್ನು ನೋಡಿದ್ದೆವೇ?

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.