ವಿಂದಿಕ್ತಾ: ಸೇಡೋ, ಬಿಡುಗಡೆಯೋ?



ಸೇಡಿಗೆ ಲ್ಯಾಟಿನ್ ಭಾಷೆಯಲ್ಲಿ ‘ವಿಂದಿಕ್ತಾ’ ಎನ್ನುತ್ತಾರೆ. ಸೇಡು ದೇವರಿಗೆ ಬಿಟ್ಟದ್ದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಬೋಧಿಸುವಾಗ ಲ್ಯಾಟಿನ್ ಬೈಬಲ್ ಬಳಸುವುದು ಇದೇ ಪದವನ್ನು. ಆದರೆ ಪುರಾತನ ರೋಮಿನಲ್ಲಿ ವಿಂದಿಕ್ತಾ ಎಂದರೆ ಒಂದು ಕೋಲು! ಗುಲಾಮನನ್ನು ನ್ಯಾಯಾಧಿಪತಿಯ ಮುಂದೆ ನಿಲ್ಲಿಸಿ, ಆ ಕೋಲಿನಿಂದ ಮುಟ್ಟಿ, ಅವನು ಸ್ವತಂತ್ರನೆಂದು ಸಾರುತ್ತಿದ್ದರು. ಪರರ ಪರವಾಗಿ ನಿಂತು ಕಾಯುವವನನ್ನು ‘ವಿಂದೆಕ್ಸ್’ ಎಂದು ಕರೆಯುತ್ತಿದ್ದರು. ನ್ಯಾಯ ಕೇಳುವುದರಲ್ಲಿ ತಪ್ಪಿತಸ್ಥನ ದಂಡನೆಯೂ ಸೇರಿರುವುದರಿಂದ ಈ ಪದಗಳಿಗೆ ಸೇಡಿನ ಅರ್ಥವೂ ಅಂಟಿಕೊಂಡಿತು.

ಹಾಗಾದರೆ ಶಿಕ್ಷೆ ಬಯಸುವುದು ಪಾಪವೇ? ಮನಸ್ಸಿನ ಉದ್ದೇಶವನ್ನು ನೋಡಿರಿ ಎನ್ನುತ್ತಾರೆ ಸಂತ ತೋಮಾಸ್ ಅಕ್ವಿನಾಸರು. ತಪ್ಪಿತಸ್ಥನ ಕೇಡನ್ನೇ ಬಯಸಿದರೆ ಅದು ದ್ವೇಷ. ಅವನು ತಿದ್ದಿಕೊಳ್ಳಲಿ, ಇತರರಿಗೆ ನೆಮ್ಮದಿ ಸಿಗಲಿ ಎಂದು ಬಯಸಿದರೆ ಅದು ನ್ಯಾಯ.

ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ನೊಂದವರ ಮೊರೆ ಹತ್ತು ವರ್ಷ ನ್ಯಾಯಾಲಯದ ಮುಂದಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಬಳಿಕ ಹೈಕೋರ್ಟ್ ಬಹುತೇಕರಿಗೆ ಜಾಮೀನು ನೀಡಿತು. ಇಂಥ ನೊಂದವರಿಗೆ ‘ಕ್ಷಮಿಸಿ, ಸುಮ್ಮನಿರಿ’ ಎನ್ನುವುದು ಕ್ರೈಸ್ತ ಬೋಧನೆಯಲ್ಲ. ಕ್ಷಮೆ ದ್ವೇಷವನ್ನು ಬಿಡಿಸುತ್ತದೆಯೇ ಹೊರತು ಹಕ್ಕನ್ನು ಕಸಿಯುವುದಿಲ್ಲ.

ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತುಬಿಟ್ಟ ಮನೆಗಳು ನಮ್ಮಲ್ಲೂ ಉಂಟು. ಪಾಪನಿವೇದನೆಗೆ ಮುನ್ನ ಪ್ರತಿಯೊಬ್ಬರೂ ಕೇಳಿಕೊಳ್ಳೋಣ: ನನಗೆ ಬೇಕಾದದ್ದು ನನ್ನ ಪಾಲೋ, ಅವನ ಪತನವೋ? ನಮ್ಮ ಕೈಯ ಕೋಲು ಬಿಡಿಸುವ ಕೋಲಾಗಲಿ, ಬಡಿಯುವ ಕೋಲಾಗದಿರಲಿ.