ಹರಿಗೋಲಿಗೆ ಹಾಯಿ ಏಕಿಲ್ಲ?

ಚಿಕ್ಕ ದೋಣಿಗೆ ಹಿಂದಿನವರ ಹಾಯಿಯನ್ನೇ ಕಟ್ಟಬೇಕೆಂದು ಹೊರಟವರು ಬಟ್ಟೆ, ಹಗ್ಗ, ಮರಗಳ ಲೆಕ್ಕಕ್ಕಿಂತ ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ: ಸಂಪ್ರದಾಯವನ್ನು ಉಳಿಸುವುದೆಂದರೆ ಅದರ ಆಕಾರವನ್ನು ಉಳಿಸುವುದೋ, ಆ ಆಕಾರ ಹುಟ್ಟಿದ ಕಾರಣವನ್ನು ಉಳಿಸುವುದೋ? ಕಡಲು ಕಾಣದ ರನ್ನ ಬೆಳಗಲಿಯ ಸೀಮೆಯಲ್ಲಿ ಈ ಮಾತು ದೂರದ್ದೆನಿಸಬಹುದು. ಆದರೆ ಮೊದಲ ಸಾಕ್ಷಿ ಸಿಗುವುದು ಇಲ್ಲಿನ ಹೊಳೆಗಳಲ್ಲೇ. ಘಟಪ್ರಭೆ, ಕೃಷ್ಣೆಯರನ್ನು ಜನ ದಾಟಿದ್ದು ಹರಿಗೋಲಿನಲ್ಲಿ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಚೆಗೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲಗಳನ್ನೂ ಹೊದಿಸಿದ ದುಂಡನೆಯ ದೋಣಿ ಅದು. ಅದಕ್ಕೆ ಮುಂದು ಹಿಂದು ಇಲ್ಲ. ನೀರಿಗಿಳಿದು ಓರೆಜಾರನ್ನು ತಡೆಯುವ ಅಡಿಮರವೂ ಇಲ್ಲ. ಹಾಯಿ ಕಟ್ಟಿದರೆ ನಿಂತಲ್ಲೇ ತಿರುಗೀತು, ಇಲ್ಲವೇ ಗಾಳಿ ತಳ್ಳಿದತ್ತ ಹೋದೀತು. ಹಾಗೆಂದು ಹಾಯಿ ಇಲ್ಲದಿರುವುದು ಅದರ ಕೊರತೆಯೇನಲ್ಲ. ಬಂಡೆಗಳ ನಡುವೆ, ಗೇಣು ನೀರಿನಲ್ಲಿ, ಒಬ್ಬನೇ ಹುಟ್ಟು ಹಾಕಿ ದಾಟಿ, ಆಮೇಲೆ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯಲು ಇದಕ್ಕಿಂತ ತಕ್ಕದ್ದು ಬೇರೆ ಕಾಣೆ.

ಕರಾವಳಿಯ ತ್ರಿಕೋನ ಹಾಯಿಯೂ ಹೀಗೆಯೇ ಅಲ್ಲಿನ ಗಾಳಿಯಿಂದ ರೂಪುಗೊಂಡದ್ದು. ಮಳೆಗಾಲ ಕಳೆದ ಮೇಲೆ ಅಲ್ಲಿ ಹಗಲು ಕಡಲಿನಿಂದ, ರಾತ್ರಿ ನೆಲದಿಂದ ಗಾಳಿ ಬೀಸುತ್ತದೆ. ಮಂಗಳೂರಿನಿಂದ ಮುಂಬಯಿಯತ್ತ ಹೊರಟ ಹಡಗಿಗೆ ಇವೆರಡೂ ಪಕ್ಕದ ಗಾಳಿಗಳೇ. ಓರೆಯಾಗಿ ತೂಗುಬಿಟ್ಟ ಉದ್ದನೆಯ ಮರಕ್ಕೆ ಕಟ್ಟಿದ ಹಾಯಿ ಆ ಪಕ್ಕದ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ಹೊರೆಯೂ ಇಂಥ ಹಡಗುಗಳನ್ನೇರಿತು. ಆದರೆ ಮಗ್ಗುಲು ಬದಲಿಸುವಾಗ ಆ ಉದ್ದನೆಯ ಮರವನ್ನು ನೆಟ್ಟಗೆ ನಿಲ್ಲಿಸಿ, ಕೂವೆಮರದ ಮುಂದಿನಿಂದ ಸುತ್ತಿಸಿ, ಆಚೆ ಬದಿಗೆ ತರಬೇಕು. ಅದಕ್ಕೆ ಹಲವರ ಕೈ ಬೇಕು, ಅಗಲವಾದ ನೀರು ಬೇಕು. ಅಡಿಮರವುಳ್ಳ ಪುಟ್ಟ ದೋಣಿಯಲ್ಲಿ ಒಬ್ಬನೇ ಕೂತವನಿಗೆ, ಗಾಳಿ ಗಳಿಗೆಗೊಮ್ಮೆ ದಿಕ್ಕು ಬದಲಿಸುವಲ್ಲಿ, ಓರೆಗೋಲೊಂದರಿಂದ ಎತ್ತಿಹಿಡಿದ ನಾಲ್ಕು ಮೂಲೆಯ ಚಿಕ್ಕ ಹಾಯಿಯೇ ಲೇಸು. ಕೋಲು ಕಿತ್ತರೆ ಸಾಕು, ಹಾಯಿ ಬಲ ಕಳೆದುಕೊಂಡು ಜೋತುಬೀಳುತ್ತದೆ. ಅದೂ ಹಲವು ದೇಶಗಳ ಬೆಸ್ತರ ಕೈಯಲ್ಲಿ ಪಳಗಿದ ಹಳೆಯ ಹಾಯಿಯೇ.

ಆದ್ದರಿಂದ ಹಿಂದಿನವರಿಂದ ನಾವು ಪಡೆಯಬೇಕಾದದ್ದು ನೀರನ್ನೂ ಗಾಳಿಯನ್ನೂ ನೋಡಿ ನಿರ್ಧರಿಸುವ ಅವರ ವಿವೇಕವನ್ನು. ಈ ನೆಲದ ಕವಿ ರನ್ನ ಕಾವ್ಯದಲ್ಲಿ ಮಾಡಿದ್ದೂ ಅದನ್ನೇ. ಪಂಪನಿಂದ ಬಂದ ಚಂಪುವನ್ನು ಅವನು ಬಿಡಲಿಲ್ಲ, ಒಡೆಯನನ್ನು ಭಾರತದ ವೀರನಲ್ಲಿ ಕಾಣುವ ಕ್ರಮವನ್ನೂ ಬಿಡಲಿಲ್ಲ. ಆದರೆ ಪಂಪನ ಅರ್ಜುನನ ಜಾಗದಲ್ಲಿ ಭೀಮನನ್ನು ನಿಲ್ಲಿಸಿ ತನ್ನ ಒಡೆಯ ಸತ್ಯಾಶ್ರಯನನ್ನು ಅವನಲ್ಲಿ ಕಂಡ. ಕೊನೆಯ ಗದಾಯುದ್ಧದಲ್ಲಿ ನಿಂತು ಇಡೀ ಭಾರತವನ್ನು ಹಿಂತಿರುಗಿ ನೋಡಿದ. ಪಂಪನಿಗೆ ಅವನು ಸಲ್ಲಿಸಿದ ನಿಜವಾದ ಗೌರವ ಇದು. ನಕಲು ಮಾಡಿದ್ದರೆ ಆ ಗೌರವ ಸಲ್ಲುತ್ತಿರಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹಲವು ತಲೆಮಾರುಗಳು ತಿದ್ದಿದ ರೂಪದಲ್ಲಿ ನಮಗೆ ಹೊಳೆಯದ ಕಾರಣಗಳೂ ಅಡಗಿರುತ್ತವೆ; ಒಬ್ಬನ ಅರೆಬರೆ ಬುದ್ಧಿ ಅದನ್ನು ಅಳೆಯುವುದು ಹೇಗೆ? ಮಾತು ನಿಜ. ಅದಕ್ಕೇ ಬದಲಿಸುವವನು ಮೊದಲು ಇದ್ದದ್ದನ್ನು ಪೂರ್ತಿ ಕಲಿಯಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ದಂಡೆಯ ಹತ್ತಿರವೇ ಪರೀಕ್ಷಿಸಬೇಕು. ಆದರೆ ಈ ಆಕ್ಷೇಪ ನೀರೇ ಬದಲಾದಾಗ ನಿಲ್ಲದು. ಆಲಮಟ್ಟಿಯ ಹಿನ್ನೀರು ಹರಡಿದ ಮೇಲೆ ಬೀಳಗಿಯ ಕಡೆ ಹೊಳೆ ಕೆರೆಯಂತೆ ಅಗಲವಾಗಿದೆ. ಬಂಡೆಗಳ ನಡುವಿನ ಹರಿವಿಗೆಂದು ಹೆಣೆದ ಹರಿಗೋಲನ್ನು ಅಲ್ಲಿನ ಗಾಳಿ, ತೆರೆಗಳಿಗೆ ಒಡ್ಡಿ ಸಂಪ್ರದಾಯ ಉಳಿಯಿತೆಂದರೆ ಅದನ್ನು ಕಟ್ಟಿದವರ ಎಚ್ಚರವನ್ನೇ ಮರೆತಂತೆ. ಇನ್ನೊಂದು ಆಕ್ಷೇಪ: ಉಪಯೋಗವೇ ಅಳತೆಯಾದರೆ ಮೋಟಾರು ಸಾಕಲ್ಲ? ಹೊಟ್ಟೆಪಾಡಿಗೆ ಮೀನು ಹಿಡಿಯುವವರು ಮೋಟಾರು ಹಾಕಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆಚೆ ದಡ ಮುಟ್ಟುವುದೊಂದೇ ದೋಣಿಯ ಫಲವಲ್ಲ. ಹಾಯಿ ಹಿಡಿದವನು ಪ್ರತಿಗಳಿಗೆಯೂ ತನ್ನ ಇಷ್ಟವನ್ನು ಗಾಳಿಯ ಮುಂದಿಟ್ಟು ತಿದ್ದಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತನ್ನ ಕಸುಬು, ಹೆಸರುಗಳನ್ನೇ ವಚನದ ಅಂಕಿತವಾಗಿಸಿಕೊಂಡ. ದುಡಿಮೆ ಕಲಿಸುವ ಅರಿವಿಗೆ ಅಷ್ಟು ಬೆಲೆಯಿದೆಯೆಂದು ನಾನು ನಂಬುತ್ತೇನೆ. ಹಳೆಯ ಹಾಯಿಯನ್ನು ಆಯುವುದಾದರೆ ಆ ಅರಿವಿಗಾಗಿ ಆಯಬೇಕು. ಯಾವ ಹಾಯಿ ಎಂಬುದನ್ನು ಮಾತ್ರ ದೋಣಿ ಇಳಿಯುವ ನೀರನ್ನು ಕೇಳಿ ನಿರ್ಧರಿಸಬೇಕು.