ಬಾಗಿಲಿಗೆ ಬರುವವರು

ಬಡವರ ಮನೆಯ ಮಾತು ಬಂದಾಗ ನಾವೆಲ್ಲ ‘ತಲೆಯ ಮೇಲೊಂದು ಸೂರು’ ಅಂದುಬಿಡುತ್ತೇವೆ. ಬಿಸಿಲು ಮಳೆಗೆ ಮರೆ, ರಾತ್ರಿ ಮೈ ಚಾಚಲು ಜಾಗ, ಅಲ್ಲಿಗೆ ನಮ್ಮ ಕಲ್ಪನೆ ಮುಗಿಯುತ್ತದೆ. ಬೀಡಿ ಕಟ್ಟುವ, ಊದಿನಕಡ್ಡಿ ಹೊಸೆಯುವ, ಹಪ್ಪಳ ಒತ್ತುವ ಹೆಂಗಸಿಗೆ ಮಾತ್ರ ಮನೆಯೇ ಕಾರ್ಖಾನೆ, ಮನೆಯೇ ಗೋದಾಮು. ಮಾಡು ಸೋರಿದರೆ ಅವಳಿಗೆ ನಿದ್ದೆಯ ಜೊತೆಗೆ ಅಂದಿನ ಕೂಲಿಯೂ ಹೋಯಿತು. ದಕ್ಷಿಣ ಕನ್ನಡದಲ್ಲಿ ಆಟಿ ತಿಂಗಳ ಮಳೆ ಹಿಡಿದಾಗ ಬೀಡಿ ಕಟ್ಟುವ ಯಾವುದಾದರೂ ಮನೆಯ ಜಗಲಿಗೆ ಹೋಗಿ ನೋಡಿ. ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಬಕೆಟ್ ಇಟ್ಟಿರುತ್ತಾರೆ. ಒಣಗಿರುವ ಇನ್ನೊಂದು ಮೂಲೆಯಲ್ಲಿ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಸೊಸೆ, ಅವಳ ಮಗ್ಗುಲಿಗೆ ಅತ್ತೆ. ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ ಎಲ್ಲದಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ. ಕಟ್ಟಿದ ಬೀಡಿಗೆ ತೇವ ತಗಲಿದರೆ ಬೀಡಿ ಕಂಪನಿಯ ಬ್ರಾಂಚಿನವರು ಬದಿಗೆ ಸರಿಸುತ್ತಾರೆ. ಒಂದು ಮೂಲೆಯಷ್ಟು ಒಣನೆಲದ ಮೇಲೆ ಆ ಮನೆಯ ವಾರದ ಅಕ್ಕಿ ನಿಂತಿರುತ್ತದೆ.

ಈ ಸಂಗತಿಯನ್ನು ನಮ್ಮ ದೇಶದಲ್ಲಿ ಬಹಳ ಬೇಗ ಅರ್ಥ ಮಾಡಿಕೊಂಡವರು ಅಹಮದಾಬಾದಿನ ‘ಸೇವಾ’ ಸಂಘಟನೆಯ ಹೆಂಗಸರು. ಬಟ್ಟೆ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಕೈಗಾಡಿ ಎಳೆಯುವವರು, ಬೀದಿಯಲ್ಲಿ ತರಕಾರಿ ಮಾರುವವರು, ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಸೇರಿ 1972ರಲ್ಲಿ ಇಳಾ ಭಟ್ ಅವರ ಮುಂದಾಳತ್ವದಲ್ಲಿ ಕಟ್ಟಿಕೊಂಡ ಸಂಘ ಅದು. ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಆಗ ಮೂರು ವರ್ಷವಾಗಿತ್ತು. ಕಾಗದದ ಮೇಲೆ ಬ್ಯಾಂಕು ಎಲ್ಲರದೂ ಆಗಿತ್ತು. ಆದರೆ ಮೈಯೆಲ್ಲ ಬೆವರಾಗಿ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು, ಹೆಬ್ಬೆಟ್ಟು ಒತ್ತಲು ಬರುವ ಹೆಂಗಸನ್ನು ಕೌಂಟರಿನಲ್ಲಿ ಮಾತಾಡಿಸುವವರು ಯಾರು? ಅವಳಿಗೆ ಬಿಡುವಾಗುವ ಹೊತ್ತಿಗೆ ಬ್ಯಾಂಕಿನ ಬಾಗಿಲು ಹಾಕಿರುತ್ತಿತ್ತು. ಹಾಗಾಗಿ ತಮ್ಮದೇ ಬ್ಯಾಂಕು ಬೇಕೆಂದು ಹಟ ಹಿಡಿದರು. ನಾಲ್ಕು ಸಾವಿರ ಹೆಂಗಸರು ತಲಾ 10 ರೂಪಾಯಿಯ ಷೇರು ಹಾಕಿದರು. ಅಕ್ಷರ ಬಾರದವರ ಬ್ಯಾಂಕನ್ನು ನೋಂದಾಯಿಸಲು ಅಧಿಕಾರಿಗಳು ಹಿಂದೆಮುಂದೆ ನೋಡಿದಾಗ ಮುಂದಾಳುಗಳಾಗಿದ್ದ ಹೆಂಗಸರು ರಾತ್ರಿಯಿಡೀ ಕೂತು ತಮ್ಮ ಹೆಸರು ಬರೆಯುವುದನ್ನು ಕಲಿತು, ತಪ್ಪಿಲ್ಲದೆ ಸಹಿ ಹಾಕಿದರು. 1974ರಲ್ಲಿ ಬ್ಯಾಂಕು ತೆರೆಯಿತು. ಓದಲು ಬಾರದವರ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಅವರ ಫೋಟೋ. ಆ ಫೋಟೋಕ್ಕೆ ಅವರು ತಮ್ಮ ಖಾತೆಯ ಸಂಖ್ಯೆ ಬರೆದ ಸ್ಲೇಟನ್ನು ಎದೆಯ ಮುಂದೆ ಹಿಡಿದು ನಿಲ್ಲುತ್ತಿದ್ದರು. ಹಾಗೆ ನಿಂತ ಎಷ್ಟೋ ಹೆಂಗಸರ ಪಾಲಿಗೆ ತಮ್ಮದೆಂದು ಹೇಳಿಕೊಳ್ಳುವ ಮೊದಲ ದಾಖಲೆ ಅದೇ ಆಗಿದ್ದಿರಬೇಕು.

ಸಾಲ ಕೊಡಲು ಕೂತಾಗ ಬ್ಯಾಂಕಿಗೆ ತಿಳಿದ ಒಂದು ವಿಷಯವಿದೆ. ಹೆಂಗಸರು ಸಾಲದ ದೊಡ್ಡ ಪಾಲನ್ನು ಮನೆಗೇ ಹಾಕುತ್ತಿದ್ದರು. ಈ ವರ್ಷ ತಗಡು ತೆಗೆದು ಹೆಂಚು, ಮುಂದಿನ ವರ್ಷ ಗೋಡೆಗೆ ಗಾರೆ, ಆಮೇಲೆ ನೆಲಕ್ಕೆ ಸಿಮೆಂಟು, ಕೈ ಕೂಡಿದಾಗ ಒಂದು ಶೌಚಾಲಯ. ಮಧ್ಯಮ ವರ್ಗದವರು ಮನೆ ಕಟ್ಟಿಸಿ ಗೃಹಪ್ರವೇಶ ಮಾಡುತ್ತಾರೆ. ಬಡವರು ಮೊದಲು ಪ್ರವೇಶ ಮಾಡಿ, ಒಳಗಿದ್ದುಕೊಂಡೇ ಹತ್ತು ಹದಿನೈದು ವರ್ಷ ಕಟ್ಟುತ್ತಾರೆ. ಲೆಕ್ಕಪತ್ರದ ಕಣ್ಣಿಗೆ ಮನೆಯ ದುರಸ್ತಿ ಉತ್ಪಾದನೆಯ ಖರ್ಚಲ್ಲ. ಹೊಲಿಗೆ ಯಂತ್ರಕ್ಕೆ ಸಾಲ ಸಲೀಸು, ಯಂತ್ರ ಇಡುವ ಕೋಣೆಯ ಮಾಡಿಗೆ ಸಾಲವೆಂದರೆ ಹುಬ್ಬು ಮೇಲೇರುತ್ತದೆ. ಸೇವಾ ಬ್ಯಾಂಕು ಆ ಭೇದವನ್ನು ಬಿಟ್ಟಿತು. ಸಾಲದಿಂದ ಬಂದ ಆಸ್ತಿ, ಮನೆಯ ಕಾಗದ ಹೆಂಗಸಿನ ಹೆಸರಿಗೇ ಆಗಲೆಂದು ಪಟ್ಟುಹಿಡಿಯಿತು. ಗಂಡನಿಗೆ ಸಿಟ್ಟು ಬಂದ ರಾತ್ರಿ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಹೊರಗೆ ನಿಲ್ಲಬೇಕಾದ ಮನೆ ಎಷ್ಟು ಗಟ್ಟಿಯಾಗಿ ಕಟ್ಟಿದ್ದರೇನು?

ಒಂದೊಂದೇ ಮನೆಗೆ ಸಾಲ ಕೊಟ್ಟರೆ ಓಣಿಯ ಚರಂಡಿ ಸರಿಹೋಗುವುದಿಲ್ಲ. ಅದಕ್ಕೆಂದೇ 1994ರಲ್ಲಿ ಸೇವಾ ಬಳಗದಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ ಮಹಿಳಾ ಹೌಸಿಂಗ್ ಟ್ರಸ್ಟ್. ಅದರ ಕೆಲಸದ ಮುಕ್ಕಾಲು ಪಾಲು ಓಡಾಟ: ಕೊಳೆಗೇರಿಯ ಹೆಂಗಸರನ್ನು ಗುಂಪು ಕಟ್ಟುವುದು, ಅರ್ಜಿ ಹೇಗೆ ಬರೆಯಬೇಕು, ಪಾಲಿಕೆಯ ಯಾವ ಮೇಜಿಗೆ ಯಾವ ಕಾಗದ ಹೋಗಬೇಕು ಎಂದು ತಿಳಿಸಿಕೊಡುವುದು. ಜಾಗದ ಕಾಗದವಿಲ್ಲದ ಮನೆಗೆ ವಿದ್ಯುತ್ ಮೀಟರ್ ಸಿಗುತ್ತಿರಲಿಲ್ಲ. ಪಕ್ಕದವರಿಂದ ಕಳ್ಳ ತಂತಿ ಎಳೆಸಿಕೊಂಡು ಮಧ್ಯವರ್ತಿಗೆ ದುಡ್ಡು ಸುರಿಯುತ್ತಿದ್ದರು. ಬಿಲ್ಲು ಬಂದ ಮಾತ್ರಕ್ಕೆ ಜಾಗದ ಹಕ್ಕು ಸಾಧಿಸುವುದಿಲ್ಲ ಎಂಬ ಒಪ್ಪಂದದ ಮೇಲೆ ಪಾಲಿಕೆಯನ್ನೂ ವಿದ್ಯುತ್ ಕಂಪನಿಯನ್ನೂ ಒಪ್ಪಿಸಿದ ಮೇಲೆ ಆ ಮನೆಗಳಿಗೆ ಮೀಟರ್ ಬಂತು. ಅಹಮದಾಬಾದಿನ ಬೇಸಿಗೆ ಸಾಮಾನ್ಯದ್ದಲ್ಲ, 2016ರ ಮೇ ತಿಂಗಳಲ್ಲಿ 48 ಡಿಗ್ರಿ ಮುಟ್ಟಿತ್ತು. ತಗಡಿನ ಕೆಳಗೆ ಕೂತು ಊದಿನಕಡ್ಡಿ ಹೊಸೆಯುವವಳಿಗೆ ಫ್ಯಾನು ಐಷಾರಾಮದ ವಸ್ತುವೆಂದು ಯಾರು ಹೇಳಿಯಾರು? ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನು ಮಾಡಿಗೆ ಬಳಿಸುವ ಕೆಲಸವನ್ನೂ ಟ್ರಸ್ಟ್ ಮಾಡುತ್ತದೆ. ಒಂದು ಕೈ ಬಣ್ಣದಿಂದ ಒಳಗಿನ ಸೆಕೆ ಕೆಲವು ಡಿಗ್ರಿ ಇಳಿದರೆ ಮಧ್ಯಾಹ್ನವೂ ಕೈ ಓಡುತ್ತದೆ.

ತೊಂಬತ್ತರ ದಶಕದ ನಡುವಿನಲ್ಲಿ ಅಹಮದಾಬಾದ್ ಪಾಲಿಕೆ ‘ಪರಿವರ್ತನ್’ ಎಂಬ ಯೋಜನೆ ಹೂಡಿತು. ಕೊಳೆಗೇರಿಯ ಪ್ರತಿ ಮನೆಗೂ ನಲ್ಲಿ, ಶೌಚಾಲಯ, ಒಳಚರಂಡಿ, ಓಣಿಗೆ ಕಾಂಕ್ರೀಟು, ಬೀದಿದೀಪ. ಜೊತೆಗೆ, ಹತ್ತು ವರ್ಷ ಯಾರನ್ನೂ ಎಬ್ಬಿಸುವುದಿಲ್ಲ ಎಂಬ ಭರವಸೆ. ಪ್ರತಿ ಕುಟುಂಬ 2,000 ರೂಪಾಯಿ ತನ್ನ ಪಾಲು ಕಟ್ಟಬೇಕು. ಅದನ್ನು ಕೂಡಿಡಲು, ಸಾಲದಿದ್ದವರಿಗೆ ಸಾಲ ಕೊಡಲು ಸೇವಾ ಬ್ಯಾಂಕು ನಿಂತಿತು. ಮನೆಮನೆಗೆ ಹೋಗಿ ಒಪ್ಪಿಸುವ ಕೆಲಸ ಟ್ರಸ್ಟಿನದು.

ಇಲ್ಲಿ ನನ್ನ ಮನಸ್ಸು ತಡೆಯುತ್ತದೆ. ಊರಿನ ಉಳ್ಳವರ ಬಡಾವಣೆಗೆ ಚರಂಡಿ ಹಾಕುವಾಗ ಯಾರೂ ಹೀಗೆ ಮನೆಬಾಗಿಲಿಗೆ ಬಂದು ಅವರ ಪಾಲು ಕೇಳಿದ್ದನ್ನು ನಾನು ಕಂಡಿಲ್ಲ. ದಿನದ ಕೂಲಿಯಲ್ಲಿ ಬದುಕುವವಳು ತನ್ನ ಮಗುವಿನ ಮಲ ಹರಿದುಹೋಗುವ ಕೊಳವೆಗೆ ದುಡ್ಡು ಕೊಡಬೇಕೆಂಬುದು ಯಾವ ನ್ಯಾಯ? ತೆರಿಗೆ ಕಟ್ಟುವವರಿಗೆ ಮಾತ್ರ ಸೌಲಭ್ಯ ಎಂದು ವಾದಿಸುವವರಿದ್ದಾರೆ. ಆ ಬಡವಳು ಕೊಳ್ಳುವ ಸೋಪಿನಲ್ಲಿ, ಎಣ್ಣೆಯಲ್ಲಿ ತೆರಿಗೆಯಿಲ್ಲವೇ? ಇದು ಅನ್ಯಾಯವೆಂದೇ ಇವತ್ತಿಗೂ ನನ್ನ ಅಭಿಪ್ರಾಯ. ಆದರೂ ಆ ದುಡ್ಡಿಗೆ ಸಿಗುವ ರಸೀದಿಯನ್ನು ಹಗುರವಾಗಿ ಕಾಣಲು ನನಗೆ ಆಗುವುದಿಲ್ಲ. ಯಾವಾಗ ಬೇಕಾದರೂ ಬುಲ್ಡೋಜರ್ ಬರಬಹುದಾದ ಜಾಗದಲ್ಲಿ ಬದುಕುವವಳಿಗೆ ಪಾಲಿಕೆಯ ಹಣ ಸಂದಾಯದ ಚೀಟಿಯೆಂದರೆ ‘ನೀನು ಇಲ್ಲಿಯವಳು’ ಎಂದು ಊರು ಬರೆದುಕೊಟ್ಟ ಹಾಗೆ. ಹತ್ತು ವರ್ಷ ಎಬ್ಬಿಸುವುದಿಲ್ಲವೆಂದು ಗೊತ್ತಾದ ಮೇಲೆ ಗೋಡೆಗೆ ಇಟ್ಟಿಗೆ ಇಡುವ ಧೈರ್ಯ ಬರುತ್ತದೆ. ನಮ್ಮಲ್ಲಿ ಹಕ್ಕುಪತ್ರವನ್ನು ಜನ ದೇವರ ಫೋಟೋದ ಹಿಂದೆ, ಇಲ್ಲವೇ ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟು ಕಾಪಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ಕೇಳಿದ್ದು ತಪ್ಪು, ಕೊಟ್ಟ ಹೆಂಗಸರು ಅದನ್ನು ತಮ್ಮ ಹಕ್ಕನ್ನಾಗಿ ಮಾಡಿಕೊಂಡಿದ್ದು ಅವರ ಗಟ್ಟಿತನ. ಎರಡನ್ನೂ ಒಟ್ಟಿಗೇ ಹೇಳಬೇಕು.

ಸೇವಾದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಸಾಲದ ಮೊತ್ತವಲ್ಲ, ಬಾಗಿಲಿಗೆ ಬರುವ ಮನುಷ್ಯರು. ‘ಬ್ಯಾಂಕ್ ಸಾಥಿ’ ಎಂದು ಅವರನ್ನು ಕರೆಯುತ್ತಾರೆ. ಅವರೂ ಅದೇ ಓಣಿಗಳ ಹೆಂಗಸರು. ಐದೋ ಹತ್ತೋ ಇಪ್ಪತ್ತೋ, ಕೈಯಲ್ಲಿದ್ದಷ್ಟು ಉಳಿತಾಯವನ್ನು ಮನೆಯ ಹೊಸ್ತಿಲಲ್ಲೇ ಪಡೆದು ಬರೆದುಕೊಂಡು ಹೋಗುತ್ತಾರೆ. ಹೀಗೆ ಬರುತ್ತಾ ಹೋಗುತ್ತಾ ಇದ್ದರೆ ಯಾರ ಮನೆಯಲ್ಲಿ ಗಂಡ ಮಲಗಿದ್ದಾನೆ, ಯಾರಿಗೆ ಹೆರಿಗೆ ಹತ್ತಿರವಾಗಿದೆ, ಯಾರ ಕೆಲಸ ನಿಂತಿದೆ ಎಂಬುದೆಲ್ಲ ಗೊತ್ತಾಗುತ್ತದೆ. ಕಂತು ತಪ್ಪಿಸಿದವರ ಮನೆಗೆ ಹೋಗಿ ವಿಚಾರಿಸಿದಾಗಲೇ ಬ್ಯಾಂಕಿಗೆ ತಿಳಿದಿದ್ದು, ಸಾಲ ತೀರಿಸದಿರುವುದರ ಹಿಂದೆ ಬಹುಪಾಲು ಕಾಯಿಲೆ, ಬಾಣಂತನ, ಸಾವು ಇರುತ್ತದೆ ಎಂದು. ಆ ತಿಳಿವಳಿಕೆಯ ಜಾಡು ಹಿಡಿದೇ 1992ರಲ್ಲಿ ವಿಮೆ ಬಂತು. ಸಾವಿಗೆ, ಆಸ್ಪತ್ರೆ ಖರ್ಚಿಗೆ, ಮನೆ ಬಿದ್ದದ್ದಕ್ಕೂ ಪರಿಹಾರ. ಆರ್ಥಿಕ ಭದ್ರತೆ ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಬಡ ಸಂಸಾರದಲ್ಲಿ ಇಷ್ಟೇ: ಒಂದು ಜ್ವರ ಬಂದರೆ ಮನೆ ಮಾರಬೇಕಾಗಬಾರದು.

ನಮ್ಮ ಕರ್ನಾಟಕದಲ್ಲಿ 2025ರ ಜನವರಿಯಲ್ಲಿ ಇದರ ತದ್ವಿರುದ್ಧ ಚಿತ್ರವನ್ನು ಪತ್ರಿಕೆಗಳಲ್ಲಿ ಓದಿದೆವು. ಚಾಮರಾಜನಗರದಂಥ ಜಿಲ್ಲೆಗಳಲ್ಲಿ ಕಿರುಸಾಲದ ಕಂತು ಕಟ್ಟಲಾಗದ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಅಲ್ಲಿಯೂ ಸಾಲ ಹೆಂಗಸರ ಹೆಸರಿನಲ್ಲೇ ಇತ್ತು. ಅಲ್ಲಿಯೂ ಹತ್ತಾರು ಸಾವಿರದ ಮೊತ್ತ, ವಾರದ ಕಂತು, ಗುಂಪಿನ ಜಾಮೀನು. ಅಲ್ಲಿಯೂ ಒಬ್ಬರು ಬಾಗಿಲಿಗೆ ಬರುತ್ತಿದ್ದರು. ಬಂದವರು ಕಂತು ಕೇಳಿದರೇ ಹೊರತು ಕಂತು ಯಾಕೆ ತಪ್ಪಿತೆಂದು ಕೇಳಲಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಮನೆಗೆಂದು ತಂದ ಸಾಲ ಕೊನೆಗೆ ಮನೆಯಿಂದಲೇ ಹೊರಗೆ ಹಾಕಿತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ ಎಂದಿತು. ಬೇಕಾಗಿದ್ದ ಕಾನೂನು. ಅದು ಪೀಡಿಸುವವನನ್ನು ಬಾಗಿಲಿನಿಂದ ಆಚೆ ನಿಲ್ಲಿಸುತ್ತದೆ. ಉಳಿತಾಯ ಕೇಳಿಕೊಂಡು ಬರುವ ಸಾಥಿಯನ್ನು ಕಾನೂನು ಕಳಿಸಿಕೊಡಲಾರದು.

ಅಂಥವರು ನಮಗೆ ಹೊಸಬರೇನೂ ಅಲ್ಲ. ಎಂಬತ್ತರ ದಶಕದಲ್ಲಿ ಕೋಲಾರದ ಹಳ್ಳಿಗಳಲ್ಲಿ ‘ಮೈರಾಡ’ ಸಂಸ್ಥೆಯ ಆಸರೆಯಲ್ಲಿ, ದೊಡ್ಡ ಸಹಕಾರ ಸಂಘಗಳ ಮೇಲೆ ನಂಬಿಕೆ ಕಳೆದುಕೊಂಡ ಜನ, ಒಬ್ಬರನ್ನೊಬ್ಬರು ಬಲ್ಲವರೇ ಕೂಡಿ ಸಣ್ಣ ಗುಂಪುಗಳನ್ನು ಕಟ್ಟಿಕೊಂಡರು. ಇಂಥ ಅನುಭವಗಳ ಬಲದಿಂದಲೇ 1992ರಲ್ಲಿ ನಬಾರ್ಡ್ ಇಂಥ 500 ಸ್ವಸಹಾಯ ಸಂಘಗಳಿಗೆ ಬ್ಯಾಂಕಿನ ನಂಟು ಕಲ್ಪಿಸುವ ಪ್ರಯೋಗಕ್ಕೆ ಇಳಿಯಿತು. ಇವತ್ತು ಸ್ವಸಹಾಯ ಸಂಘವಿಲ್ಲದ ಊರು ಸಿಗುವುದು ಕಷ್ಟ. ಆದರೆ ಸಂಘದ ಸಭೆಯೆಂದರೆ ಕಂತಿನ ಲೆಕ್ಕ ಓದಿ, ಪುಸ್ತಕಕ್ಕೆ ಸಹಿ ಹಾಕಿ ಏಳುವುದು ಎಂಬಂತೆ ಎಷ್ಟೋ ಕಡೆ ಆಗಿಬಿಟ್ಟಿದೆ. ಕಂತು ತರದವಳು ಆ ದಿನ ನಾಚಿಕೆಯಿಂದ ಸಭೆಗೇ ಬರುವುದಿಲ್ಲ. ಅವಳ ಮನೆಗೆ ಹೋಗಿ ಬರಬೇಕಾದ್ದು ಆಗಲೇ.

ಬೀಡಿ ಕಟ್ಟುವ ಆ ಜಗಲಿಗಳ ಮಾಡು ಈ ವರ್ಷವೂ ಸೋರುತ್ತದೆ. ಹೆಂಚು ಬದಲಿಸಲು, ನಾಲ್ಕು ರೀಪು ಹಾಕಿಸಲು ಬೇಕಾದ ದುಡ್ಡು ಮೇ ತಿಂಗಳಲ್ಲೇ ಕೈಗೆ ಬಂದರೆ ಮಳೆಗಾಲದ ಕೂಲಿ ಉಳಿಯುತ್ತದೆ. ನಮ್ಮ ಸಂಘಗಳು ಬೇಸಿಗೆಯ ಸಭೆಯಲ್ಲಿ ಕಂತಿನ ಲೆಕ್ಕಕ್ಕಿಂತ ಮೊದಲು, ಯಾರ ಮನೆ ಎಲ್ಲಿ ಸೋರುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಲಿ, ಆ ಪಟ್ಟಿ ಹಿಡಿದು ಬ್ಯಾಂಕಿನ ಮ್ಯಾನೇಜರ ಮುಂದೆ ಹತ್ತು ಹೆಂಗಸರು ಒಟ್ಟಿಗೆ ಹೋಗಿ ಕೂರಲಿ ಎಂಬುದು ನನ್ನ ಕೋರಿಕೆ.